ಸ್ಕ್ರೀನ್ ರೀಡರ್ ಜತೆ ಮ್ಯೂಸ್‌ಸ್ಕೋರ್ ಕಲಿಯುವುದು ಹೇಗೆ: ಮೊದಲು ಓಡಾಟ, ಆಮೇಲೆ ಬರವಣಿಗೆ

ಮ್ಯೂಸ್‌ಸ್ಕೋರ್ ಎಂದರೆ ಪಾಶ್ಚಾತ್ಯ ಲಿಪಿಯಲ್ಲಿ ಸಂಗೀತ ಬರೆಯುವ ತಂತ್ರಾಂಶ, ಅದರಲ್ಲಿ ಬರೆದ ಸಂಗೀತವೇ ಸ್ಕೋರ್. ಕಣ್ಣು ಕಾಣದವರು ಇದನ್ನು ಸ್ಕ್ರೀನ್ ರೀಡರ್ ಜತೆ, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶದ ಜತೆ ಬಳಸುತ್ತಾರೆ. ಹೀಗೆ ಮ್ಯೂಸ್‌ಸ್ಕೋರ್ ಕಲಿಯಲು ಹೊರಟು ನಡುವೆ ಕೈಬಿಟ್ಟವರು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಾರೆ: "ನಾನು ಬರೆದದ್ದು ಒಂದು, ಪ್ಲೇ ಮಾಡಿ ಕೇಳಿದ್ರೆ ಇನ್ನೊಂದು." ಅವರಿಗೆ ಸಂಗೀತ ಬರುವುದಿಲ್ಲ ಎಂದಲ್ಲ. ಸ್ಕ್ರೀನ್ ರೀಡರ್ ಬಳಸುವುದರಲ್ಲೂ ಪಳಗಿದವರೇ. ತೊಂದರೆ ಆಗುವುದು ಆ ಪಳಗಿದ ಕೈಯಿಂದಲೇ.

ವರ್ಡ್ ಫೈಲಿನಲ್ಲಿ ಡೌನ್ ಆ್ಯರೋ ಒತ್ತಿದರೆ ಮುಂದಿನ ಸಾಲು ಓದುತ್ತದೆ. ಎಂಟರ್ ಒತ್ತಿದರೆ ಹೊಸ ಸಾಲು ಬರುತ್ತದೆ. ಡಿಲೀಟ್ ಒತ್ತಿದರೆ ಮುಂದಿನ ಅಕ್ಷರ ಹೋಗಿ ಉಳಿದದ್ದು ಹತ್ತಿರ ಸರಿಯುತ್ತದೆ. ಮ್ಯೂಸ್‌ಸ್ಕೋರ್‌ನಲ್ಲಿ ಈ ಮೂರೂ ಬೇರೆಯೇ ಕೆಲಸ ಮಾಡುತ್ತವೆ. ಕೈ ಹಳೇ ಅಭ್ಯಾಸದಂತೆ ಓಡುತ್ತದೆ, ಸ್ಕೋರ್ ಸದ್ದಿಲ್ಲದೆ ಕೆಡುತ್ತದೆ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಸ್ವರ ಬರೆಯುವುದು ಐದನೇ ಹಂತದಲ್ಲಿ ಬರುತ್ತದೆ. ಅಲ್ಲಿಗೆ ನೇರವಾಗಿ ಹಾರಬೇಡಿ. ಮೊದಲ ನಾಲ್ಕು ಹಂತ ಕೂಡಿಸಿದರೂ ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ದಿನಗಳ ಕೆಲಸ, ಅಷ್ಟೇ.

## ಹಂತ 1: ಶುರು ಮಾಡುವ ಮೊದಲು ಬೇಕಾದದ್ದು

ಇಲ್ಲಿ ಹೇಳುವುದೆಲ್ಲ ವಿಂಡೋಸ್ ಕಂಪ್ಯೂಟರ್, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಮತ್ತು ಮ್ಯೂಸ್‌ಸ್ಕೋರ್ ಸ್ಟುಡಿಯೋ 4 ಇಟ್ಟುಕೊಂಡು. ಎರಡು ತಂತ್ರಾಂಶವೂ ಉಚಿತ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಬಳಸುವವರಿಗೂ ಮ್ಯೂಸ್‌ಸ್ಕೋರ್‌ನ ಕೀಗಳು ಇವೇ. ಮ್ಯಾಕ್‌ನಲ್ಲಿ ವಾಯ್ಸ್‌ಓವರ್ ಬಳಸುವವರು ಹೆಚ್ಚಿನ ಕಡೆ ಕಂಟ್ರೋಲ್ ಬದಲು ಕಮಾಂಡ್ ಒತ್ತಬೇಕು.

ಡೌನ್‌ಲೋಡ್ ಮಾಡುವಾಗ ಒಂದು ಎಚ್ಚರಿಕೆ. ತಂತ್ರಾಂಶ ಸಿಗುವುದು ಮ್ಯೂಸ್‌ಸ್ಕೋರ್ ಡಾಟ್ ಆರ್ಗ್‌ನಲ್ಲಿ. ಮ್ಯೂಸ್‌ಸ್ಕೋರ್ ಡಾಟ್ ಕಾಮ್ ಎಂಬುದು ಜನ ಸ್ಕೋರ್ ಹಂಚಿಕೊಳ್ಳುವ ತಾಣ. ಅಲ್ಲಿ ಚಂದಾ ಕೇಳುತ್ತಾರೆ. ಚಂದಾ ಕಟ್ಟಿದರೆ ಮಾತ್ರ ತಂತ್ರಾಂಶ ಸಿಗುತ್ತದೆ ಎಂದುಕೊಂಡು ವಾಪಸ್ ಬಂದವರಿದ್ದಾರೆ. ನಿಮಗೆ ಅದರ ಅಗತ್ಯ ಇಲ್ಲ.

ತಂತಿ ಇರುವ ಹೆಡ್‌ಫೋನ್ ಇಟ್ಟುಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಸದ್ದು ತುಸು ತಡವಾಗಿ ಬರುತ್ತದೆ, ಕೆಲವೊಮ್ಮೆ ಮಾತಿನ ಮೊದಲ ಅಕ್ಷರವೇ ನುಂಗಿಹೋಗುತ್ತದೆ. ಇಲ್ಲಿ ಆ ಒಂದು ಅಕ್ಷರವೇ ಸ್ವರದ ಹೆಸರು.

ಸಂಗೀತದ ಕಡೆಯಿಂದ ಬೇಕಾದದ್ದು ಕಡಿಮೆ. ಸ್ವರಗಳ ಇಂಗ್ಲಿಷ್ ಅಕ್ಷರಗಳು ಗೊತ್ತಿರಬೇಕು. ಹೋಲ್, ಹಾಫ್, ಕ್ವಾರ್ಟರ್, ಏಯ್ತ್ ಎಂಬ ಅವಧಿಗಳು ಗೊತ್ತಿರಬೇಕು. ಒಂದು ಬಾರ್‌ನಲ್ಲಿ ಎಷ್ಟು ಬೀಟ್ ಎಂದು ಎಣಿಸಲು ಬರಬೇಕು. ಜತೆಗೆ ಆಕ್ಟೇವ್ ಸಂಖ್ಯೆ: ಪಿಯಾನೋದ ಮಧ್ಯದ ಸಿ ಅಂದರೆ ಸಿ 4. ಅಲ್ಲಿಂದ ಮೇಲೆ ಬಿ 4 ತನಕ ಸಂಖ್ಯೆ ಅದೇ, ಅದರ ಮುಂದಿನದು ಸಿ 5. ಸಂಖ್ಯೆ ಬದಲಾಗುವುದು ಸಿ ಬಳಿ ಎಂಬುದನ್ನು ನೆನಪಿಡಿ. ಎ ಬಳಿ ಬದಲಾಗುತ್ತದೆ ಅಂದುಕೊಂಡರೆ ಮುಂದೆ ಎಲ್ಲ ಗೊಂದಲ.

## ಹಂತ 2: ಎನ್‌ವಿಡಿಎಯನ್ನು ಹದ ಮಾಡಿಕೊಳ್ಳುವುದು

ಮ್ಯೂಸ್‌ಸ್ಕೋರ್ ತೆರೆಯುವ ಮೊದಲೇ ಎನ್‌ವಿಡಿಎ ಓಡುತ್ತಿರಲಿ. ಆಮೇಲೆ ಈ ಐದು ಬದಲಾವಣೆ ಮಾಡಿ.

1. ಕೀಬೋರ್ಡ್ ಭಾಷೆ ಇಂಗ್ಲಿಷ್ ಇರಲಿ. ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಕನ್ನಡ ಕೀಬೋರ್ಡ್ ಆನ್ ಇದ್ದರೆ ಸಿ, ಡಿ, ಇ ಒತ್ತಿದಾಗ ಮ್ಯೂಸ್‌ಸ್ಕೋರ್‌ಗೆ ಆ ಅಕ್ಷರ ಹೋಗುವುದೇ ಇಲ್ಲ. "ಏನು ಒತ್ತಿದರೂ ಸ್ವರ ಬೀಳ್ತಿಲ್ಲ" ಎಂದರೆ ನಾನು ಮೊದಲು ಕೇಳುವುದು ಇದನ್ನೇ.

2. ಎನ್‌ವಿಡಿಎ ಕೀಯನ್ನು (ಎನ್‌ವಿಡಿಎಗೆ ಆಜ್ಞೆ ಕೊಡಲು ಹಿಡಿಯುವ ಕೀ) ಕ್ಯಾಪ್ಸ್ ಲಾಕ್‌ಗೆ ಬದಲಾಯಿಸಿ. ಎನ್‌ವಿಡಿಎ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಇದು ಸಿಗುತ್ತದೆ. ಮ್ಯೂಸ್‌ಸ್ಕೋರ್‌ನಲ್ಲಿ ಇನ್ಸರ್ಟ್ ಕೀ ಹೊಸ ಬಾರ್ ಸೇರಿಸುತ್ತದೆ, ಎನ್‌ವಿಡಿಎಗೂ ಅದೇ ಕೀ ಬೇಕು. ಒಂದೇ ಕೀಗೆ ಇಬ್ಬರು ಯಜಮಾನರು ಬೇಡ. ಬದಲಾಯಿಸಲು ಇಷ್ಟ ಇಲ್ಲದಿದ್ದರೆ ಇನ್ಸರ್ಟ್ ಅನ್ನು ಬೇಗ ಬೇಗ ಎರಡು ಸಲ ಒತ್ತಿ, ಆಗ ಅದು ಮ್ಯೂಸ್‌ಸ್ಕೋರ್‌ಗೆ ತಲುಪುತ್ತದೆ.

3. ಟೈಪ್ ಮಾಡಿದ ಅಕ್ಷರ ಹೇಳುವುದನ್ನು ನಿಲ್ಲಿಸಿ. ಎನ್‌ವಿಡಿಎ ಕೀ ಜತೆ 2 ಒತ್ತಿ, ಆಫ್ ಎಂದು ಕೇಳುವ ತನಕ. ಇಲ್ಲದಿದ್ದರೆ ನೀವು ಒತ್ತಿದ ಅಕ್ಷರವನ್ನೂ ಹೇಳುತ್ತದೆ, ಸ್ಕೋರ್‌ನಲ್ಲಿ ಬಿದ್ದ ಸ್ವರವನ್ನೂ ಹೇಳುತ್ತದೆ. ನಿಮಗೆ ಬೇಕಾದದ್ದು ಎರಡನೆಯದು ಮಾತ್ರ.

4. ಮಾತಿನ ವೇಗ ಇಳಿಸಿ. ಬಿ, ಡಿ, ಇ, ಜಿ, ಸಿ ಎಲ್ಲವೂ ವೇಗದಲ್ಲಿ ಒಂದೇ ಥರ ಕೇಳುತ್ತವೆ. ಬಿ ಎಂದುಕೊಂಡದ್ದು ಡಿ ಆಗಿರುತ್ತದೆ. ನೀವು ಪುಸ್ತಕ ಓದುವ ವೇಗ ಇಲ್ಲಿ ಬೇಡ. ಈ ಐದು ಅಕ್ಷರ ಸ್ಪಷ್ಟವಾಗಿ ಬೇರೆ ಬೇರೆ ಕೇಳಿಸುವ ಧ್ವನಿಯನ್ನೇ ಆರಿಸಿಕೊಳ್ಳಿ, ಅದು ನಿಮಗೆ ಇಷ್ಟದ ಧ್ವನಿ ಅಲ್ಲದಿದ್ದರೂ ಸರಿ.

5. ಆಡಿಯೋ ಡಕಿಂಗ್ ನೋಡಿಕೊಳ್ಳಿ. ಎನ್‌ವಿಡಿಎ ಕೀ, ಶಿಫ್ಟ್ ಮತ್ತು ಡಿ. ಇದು ಆನ್ ಇದ್ದರೆ ಎನ್‌ವಿಡಿಎ ಮಾತಾಡುವಾಗಲೆಲ್ಲ ವಾದ್ಯದ ಸದ್ದು ಕುಗ್ಗುತ್ತದೆ. ಸ್ವರ ಕೇಳಿಸುತ್ತಿಲ್ಲ ಅನಿಸಿದರೆ ಆಫ್ ಮಾಡಿ.

## ಹಂತ 3: ಬರೆಯದೆ, ಬರೀ ಓದುವುದು

ಇದೇ ಮುಖ್ಯ ಹಂತ. ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ.

ನಿಮಗೆ ಕಿವಿಯಿಂದ ಚೆನ್ನಾಗಿ ಗೊತ್ತಿರುವ ಒಂದು ಚಿಕ್ಕ ಹಾಡಿನ ಮ್ಯೂಸ್‌ಸ್ಕೋರ್ ಅಥವಾ ಮ್ಯೂಸಿಕ್ಎಕ್ಸ್ಎಂಎಲ್ (ಬೇರೆ ಬೇರೆ ಸಂಗೀತ ತಂತ್ರಾಂಶಗಳು ತೆರೆಯಬಲ್ಲ) ಫೈಲ್ ಯಾರಿಂದಲಾದರೂ ಪಡೆಯಿರಿ. ಒಂದೇ ವಾದ್ಯ ಇರಲಿ. ಅದರ ಒಂದು ನಕಲು ಮಾಡಿಕೊಂಡು ಆ ನಕಲನ್ನು ತೆರೆಯಿರಿ. ಕೆಟ್ಟರೂ ಚಿಂತೆ ಇರುವುದಿಲ್ಲ.

ಕಂಟ್ರೋಲ್ ಮತ್ತು ಹೋಮ್ ಒತ್ತಿ. ಸ್ಕೋರ್‌ನ ಮೊದಲ ಅಂಶಕ್ಕೆ ಹೋಗುತ್ತೀರಿ. ಈಗ ರೈಟ್ ಆ್ಯರೋ. ಎನ್‌ವಿಡಿಎ ಸ್ವರದ ಹೆಸರು, ಆಕ್ಟೇವ್, ಅವಧಿ, ಎಷ್ಟನೇ ಬಾರ್, ಎಷ್ಟನೇ ಬೀಟ್ ಎಂಬುದನ್ನೆಲ್ಲ ಹೇಳುತ್ತದೆ. ಶುರುವಿನಲ್ಲಿ ಇದು ತುಂಬಾ ಜಾಸ್ತಿ ಅನಿಸುತ್ತದೆ. ಕಿವಿಗೆ ಒಂದು ಕೆಲಸ ಕೊಡಿ: ಮೊದಲ ಸುತ್ತಿನಲ್ಲಿ ಸ್ವರದ ಹೆಸರು ಮಾತ್ರ ಹಿಡಿಯಿರಿ. ಎರಡನೇ ಸುತ್ತಿನಲ್ಲಿ ಬೀಟ್ ಸಂಖ್ಯೆ ಮಾತ್ರ. ಎರಡು ಮೂರು ದಿನದಲ್ಲಿ ಎರಡೂ ಒಟ್ಟಿಗೆ ಕಿವಿಗೆ ಬೀಳತೊಡಗುತ್ತವೆ.

ಓಡಾಡಲು ನಾಲ್ಕೇ ಬಗೆ ಸಾಕು:

- ಲೆಫ್ಟ್ ಮತ್ತು ರೈಟ್ ಆ್ಯರೋ: ಹಿಂದಿನ, ಮುಂದಿನ ಸ್ವರ ಅಥವಾ ರೆಸ್ಟ್ (ಮೌನದ ಗುರುತು).
- ಕಂಟ್ರೋಲ್ ಜತೆ ಲೆಫ್ಟ್ ಅಥವಾ ರೈಟ್: ಹಿಂದಿನ, ಮುಂದಿನ ಬಾರ್.
- ಆಲ್ಟ್ ಜತೆ ಲೆಫ್ಟ್ ಅಥವಾ ರೈಟ್: ಒಂದನ್ನೂ ಬಿಡದೆ ಎಲ್ಲ ಅಂಶಗಳು. ಕ್ಲೆಫ್, ಕೀ ಸಿಗ್ನೇಚರ್ (ಯಾವ ಸ್ವರಗಳು ಉದ್ದಕ್ಕೂ ಶಾರ್ಪ್ ಅಥವಾ ಫ್ಲ್ಯಾಟ್ ಎಂಬ ಗುರುತು), ಟೈಮ್ ಸಿಗ್ನೇಚರ್ (ಬಾರ್‌ಗೆ ಎಷ್ಟು ಬೀಟ್ ಎಂಬ ಗುರುತು), ಸ್ವರಕ್ಕೆ ಅಂಟಿದ ಚಿಹ್ನೆ, ಹೀಗೆ.
- ಕಂಟ್ರೋಲ್ ಮತ್ತು ಎಫ್: ಬಾರ್ ಸಂಖ್ಯೆ ಬರೆದು ಎಂಟರ್ ಒತ್ತಿದರೆ ನೇರ ಅಲ್ಲಿಗೆ.

ಬರೀ ರೈಟ್ ಆ್ಯರೋ ಒತ್ತುತ್ತಾ ಹೋದರೆ ಕೀ ಸಿಗ್ನೇಚರ್ ಇದೆ ಎಂಬುದೇ ಗೊತ್ತಾಗುವುದಿಲ್ಲ. ಅದು ಸ್ವರಗಳ ಮೇಲೆ ಮಾತ್ರ ಹೆಜ್ಜೆ ಇಡುತ್ತದೆ. ಹೊಸ ಸ್ಕೋರ್ ಕೈಗೆ ಬಂದಾಗ ಮೊದಲ ಬಾರ್ ಅನ್ನು ಆಲ್ಟ್ ಹಿಡಿದು ಓದಿ, ಆಮೇಲೆ ಬರೀ ಆ್ಯರೋಗೆ ಬನ್ನಿ.

ಈಗ ಅಪ್ ಮತ್ತು ಡೌನ್ ಆ್ಯರೋ. ಸ್ವರದ ಮೇಲೆ ನಿಂತು ಅಪ್ ಒತ್ತಿದರೆ ಆ ಸ್ವರ ಅರ್ಧ ಸ್ವರ (ಸೆಮಿಟೋನ್) ಮೇಲೇರುತ್ತದೆ. ಡೌನ್ ಒತ್ತಿದರೆ ಅರ್ಧ ಸ್ವರ ಇಳಿಯುತ್ತದೆ. ಕಂಟ್ರೋಲ್ ಜತೆ ಒತ್ತಿದರೆ ಇಡೀ ಆಕ್ಟೇವ್ ಏರುತ್ತದೆ ಅಥವಾ ಇಳಿಯುತ್ತದೆ. ಅಂದರೆ ಈ ಎರಡು ಕೀ ಓದುವುದಿಲ್ಲ, ತಿದ್ದುತ್ತವೆ. ಕಾರ್ಡ್‌ನೊಳಗಿನ (ಒಟ್ಟಿಗೆ ನುಡಿಯುವ) ಸ್ವರಗಳನ್ನೋ ಕೆಳಗಿನ ಸ್ಟಾಫನ್ನೋ (ಸ್ವರ ಕೂರುವ ಐದು ಗೆರೆಗಳ ಸಾಲು) ಓದಬೇಕಾದರೆ ಆಲ್ಟ್ ಜತೆ ಅಪ್ ಅಥವಾ ಡೌನ್ ಒತ್ತಬೇಕು.

ನಾನು ಶುರುವಿನಲ್ಲಿ ಒಂದು ಇಡೀ ಸಂಜೆ ಎರಡು ಸ್ಟಾಫಿನ ಸ್ಕೋರ್ ಒಂದನ್ನು "ಓದಿದ್ದೆ". ಕೆಳಗಿನ ಸ್ಟಾಫಿಗೆ ಹೋಗಲೆಂದು ಒಂದೊಂದು ಬಾರ್‌ಗೆ ಒಮ್ಮೆ ಡೌನ್ ಆ್ಯರೋ ಒತ್ತಿದೆ. ಪ್ರತಿ ಬಾರ್‌ನ ಮೊದಲ ಸ್ವರ ಅರ್ಧ ಸ್ವರ ಕೆಳಗಿಳಿದಿತ್ತು. ಸೇವ್ ಮಾಡಿ ಮುಚ್ಚಿಯೂ ಬಿಟ್ಟಿದ್ದೆ. ಮರುದಿನ ಪ್ಲೇ ಮಾಡಿದಾಗ ಹಾಡು ಕುಂಟುತ್ತಿತ್ತು. ಫೈಲ್ ಮುಚ್ಚಿದ ಮೇಲೆ ಅನ್‌ಡೂ ಕೂಡ ಕೆಲಸಕ್ಕೆ ಬರುವುದಿಲ್ಲ. ಒಂದೊಂದೇ ಸ್ವರ ಕೇಳಿ ಸರಿಪಡಿಸಬೇಕಾಯಿತು. ನಕಲು ಫೈಲಿನಲ್ಲಿ ಕಲಿಯಿರಿ ಎಂದು ಹೇಳುತ್ತಿರುವುದು ಅದಕ್ಕೇ.

ಮುಂದಿನ ಹಂತಕ್ಕೆ ಹೋಗಬಹುದಾ ಎಂದು ತಿಳಿಯಲು ಒಂದು ಪರೀಕ್ಷೆ. ಕಂಟ್ರೋಲ್ ಎಫ್ ಒತ್ತಿ 5ನೇ ಬಾರ್‌ಗೆ ಹೋಗಿ. ಮೂರನೇ ಬೀಟ್‌ನ ಸ್ವರ ಯಾವುದು, ಅವಧಿ ಎಷ್ಟು ಎಂದು ಹೇಳಿ. ಹಾಗೇ ಹಿಂದಿನ ಬಾರ್‌ಗೆ ಬಂದು ಅದರ ಕೊನೆ ಸ್ವರ ಹೇಳಿ. ಇದೆಲ್ಲ ಮುಗಿದ ಮೇಲೆ ಮುಚ್ಚಲು ಹೋದಾಗ "ಸೇವ್ ಮಾಡಬೇಕಾ" ಎಂದು ಮ್ಯೂಸ್‌ಸ್ಕೋರ್ ಕೇಳಿದರೆ, ಓಡಾಡುವಾಗ ಎಲ್ಲೋ ಏನೋ ಬದಲಾಗಿದೆ ಎಂದರ್ಥ. ಕೇಳದೆ ಮುಚ್ಚಿಕೊಂಡರೆ ನೀವು ಪಾಸು.

## ಹಂತ 4: ಹೊಸ ಸ್ಕೋರ್ ತೆರೆಯುವುದು

ಕಂಟ್ರೋಲ್ ಎನ್ ಒತ್ತಿ. ವಾದ್ಯ ಆರಿಸುವ ಕಿಟಕಿ ಬರುತ್ತದೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ಟ್ಯಾಬ್, ಗುಂಪಿನೊಳಗೆ ಆ್ಯರೋ. ಇದು ಮ್ಯೂಸ್‌ಸ್ಕೋರ್ 4ರಲ್ಲಿ ಎಲ್ಲ ಕಿಟಕಿಗಳಿಗೂ ಅನ್ವಯ. ಟ್ಯಾಬ್ ಒತ್ತುತ್ತಲೇ ಇದ್ದು "ಆ ಬಟನ್ ಸಿಗ್ತಿಲ್ಲ" ಎಂದರೆ, ಆ್ಯರೋ ಒತ್ತಿ ನೋಡಿಲ್ಲ ಎಂದರ್ಥ.

ವಾದ್ಯ ಒಂದೇ ಸಾಕು. ಕೊಳಲು ಅಥವಾ ಪಿಟೀಲು ಆರಿಸಿ. ಪಿಯಾನೋ ಬೇಡ, ಅದಕ್ಕೆ ಎರಡು ಸ್ಟಾಫ್ ಬರುತ್ತದೆ. ಮುಂದಿನ ಪುಟದಲ್ಲಿ ಕೀ ಸಿಗ್ನೇಚರ್, ಟೈಮ್ ಸಿಗ್ನೇಚರ್, ಟೆಂಪೋ (ವೇಗ), ಎಷ್ಟು ಬಾರ್ ಎಂದು ಕೇಳುತ್ತದೆ. ಏನೂ ಬದಲಿಸದಿದ್ದರೆ 32 ಬಾರ್ ಕೊಡುತ್ತದೆ. ಅಭ್ಯಾಸಕ್ಕೆ ಸಿ ಮೇಜರ್, 4/4, 8 ಬಾರ್ ಮಾಡಿಕೊಳ್ಳಿ. ಬೇಕಾದಾಗ ಕಂಟ್ರೋಲ್ ಬಿ ಒತ್ತಿದರೆ ಕೊನೆಯಲ್ಲಿ ಇನ್ನೊಂದು ಬಾರ್ ಸೇರುತ್ತದೆ.

ತೆರೆದ ತಕ್ಷಣ ಕಂಟ್ರೋಲ್ ಎಸ್ ಒತ್ತಿ ಹೆಸರು ಕೊಟ್ಟು ಸೇವ್ ಮಾಡಿ. ಮೊದಲ ಸಲ ಕ್ಲೌಡ್‌ಗಾ, ಕಂಪ್ಯೂಟರ್‌ಗಾ ಎಂದು ಕೇಳಬಹುದು. ಕಂಪ್ಯೂಟರ್ ಆರಿಸಿ.

## ಹಂತ 5: ಸ್ವರ ಬರೆಯುವುದು

ಕ್ರಮ ಹೀಗೆ: ಎಲ್ಲಿ ನಿಂತಿದ್ದೇನೆ ಎಂದು ಕೇಳು, ಎನ್ ಒತ್ತು, ಅವಧಿ ಕೊಡು, ಸ್ವರ ಕೊಡು. ಅವಧಿ ಮೊದಲು, ಸ್ವರ ಆಮೇಲೆ. ಇದು ಉಲ್ಟಾ ಆದರೆ ಪ್ರತಿ ಅವಧಿಯೂ ಒಂದು ಸ್ವರ ತಡವಾಗಿ ಬೀಳುತ್ತದೆ.

ಅವಧಿಯ ಅಂಕಿಗಳು: 3 ಸಿಕ್ಸ್‌ಟೀಂತ್, 4 ಏಯ್ತ್, 5 ಕ್ವಾರ್ಟರ್, 6 ಹಾಫ್, 7 ಹೋಲ್. 4 ಅಂದ ತಕ್ಷಣ ಕ್ವಾರ್ಟರ್ ಎಂದು ಕೈ ಹೋಗುತ್ತದೆ, ಅದು ಏಯ್ತ್. ಐದು ಅಂದರೆ ಕ್ವಾರ್ಟರ್ ಎಂದು ಬಾಯಿಪಾಠ ಮಾಡಿ. ಉಳಿದದ್ದು ಅದರಿಂದ ತಾನಾಗೇ ಬರುತ್ತದೆ: ಒಂದು ಅಂಕಿ ಮೇಲೇರಿದರೆ ಅವಧಿ ದುಪ್ಪಟ್ಟು, ಇಳಿದರೆ ಅರ್ಧ. ಚುಕ್ಕಿ ಸ್ವರಕ್ಕೆ ಫುಲ್‌ಸ್ಟಾಪ್ ಕೀ, ರೆಸ್ಟ್‌ಗೆ 0. ಕೀಬೋರ್ಡ್‌ನ ಮೇಲಿನ ಸಾಲಿನ ಅಂಕಿಗಳನ್ನೇ ಬಳಸಿ. ಬಲಗಡೆಯ ನಂಬರ್ ಪ್ಯಾಡ್ ಎನ್‌ವಿಡಿಎಗೆ ಬೇಕು.

ಈಗ ಮಾಡಿ ನೋಡೋಣ.

1. ಕಂಟ್ರೋಲ್ ಹೋಮ್ ಒತ್ತಿ. ಮೊದಲ ಬಾರ್‌ನ ರೆಸ್ಟ್ ಕೇಳುವ ತನಕ ರೈಟ್ ಆ್ಯರೋ.
2. ಎನ್ ಒತ್ತಿ. ಇದು ಸ್ವರ ಬರೆಯುವ ಮೋಡ್.
3. 5 ಒತ್ತಿ.
4. ಸಿ ಒತ್ತಿ, ನಿಲ್ಲಿ, ಕೇಳಿ. ಸಿ 5 ಎಂದರೆ ಕಂಟ್ರೋಲ್ ಡೌನ್ ಒತ್ತಿ ಸಿ 4ಕ್ಕೆ ತನ್ನಿ. ಮೊದಲ ಸ್ವರದ ಆಕ್ಟೇವ್ ಸರಿ ಮಾಡದೆ ಮುಂದೆ ಹೋಗಬೇಡಿ, ಉಳಿದವೆಲ್ಲ ಅದರ ಹಿಂದೆಯೇ ಬರುತ್ತವೆ.
5. ಡಿ, ಇ, ಎಫ್, ಜಿ, ಎ, ಬಿ, ಸಿ. ಎರಡು ಬಾರ್ ತುಂಬಿತು.
6. ಎಸ್ಕೇಪ್ ಒತ್ತಿ ಮೋಡ್‌ನಿಂದ ಹೊರಬನ್ನಿ. ಕಂಟ್ರೋಲ್ ಹೋಮ್‌ಗೆ ಹೋಗಿ ಮತ್ತೆ ರೈಟ್ ಆ್ಯರೋದಲ್ಲಿ ಎಂಟೂ ಸ್ವರ ಓದಿ. ಆಮೇಲೆ ಮೊದಲ ಸ್ವರದ ಮೇಲೆ ನಿಂತು ಸ್ಪೇಸ್ ಒತ್ತಿ ಕೇಳಿ.

ಬಾರ್ ಗೆರೆ ನೀವು ಹಾಕಬೇಕಿಲ್ಲ. ನಾಲ್ಕನೇ ಬೀಟ್‌ನಲ್ಲಿ ಹಾಫ್ ಸ್ವರ ಬರೆದರೆ ಅದನ್ನು ಎರಡು ಕ್ವಾರ್ಟರ್ ಮಾಡಿ, ನಡುವೆ ಟೈ (ಎರಡನ್ನೂ ಒಂದೇ ಸ್ವರವಾಗಿ ಜೋಡಿಸುವ ಗೆರೆ) ಹಾಕಿ, ಅರ್ಧವನ್ನು ಮುಂದಿನ ಬಾರ್‌ಗೆ ತಾನೇ ದಾಟಿಸುತ್ತದೆ. ಓದುವಾಗ ಒಂದು ಸ್ವರದ ಜಾಗದಲ್ಲಿ ಎರಡು ಕೇಳಿದರೆ ಗಾಬರಿ ಬೇಡ.

ಇನ್ನು ಆಕ್ಟೇವ್ ವಿಷಯ. ಅಕ್ಷರ ಒತ್ತಿದಾಗ ಮ್ಯೂಸ್‌ಸ್ಕೋರ್ ಹಿಂದಿನ ಸ್ವರಕ್ಕೆ ಹತ್ತಿರ ಇರುವ ಆಕ್ಟೇವ್ ಆರಿಸುತ್ತದೆ. ಸಿ ಆದ ಮೇಲೆ ಡಿ, ಇ, ಎಫ್ ಒತ್ತಿದರೆ ಮೇಲಕ್ಕೆ ಹೋಗುತ್ತದೆ. ಸಿ ಆದ ಮೇಲೆ ಜಿ ಒತ್ತಿದರೆ? ಮೇಲಿನ ಜಿ ನಾಲ್ಕು ಅಕ್ಷರ ದೂರ, ಕೆಳಗಿನ ಜಿ ಮೂರೇ ಅಕ್ಷರ. ಹಾಗಾಗಿ ಕೆಳಗಿನದು ಬೀಳುತ್ತದೆ. ಸ ಹಾಡಿ ಪ ಹಾಡಲು ಹೋದವರಿಗೆ ಮಂದ್ರದ ಪ ಕೇಳಿದಂತೆ. ಬೇಕಾದದ್ದು ಮೇಲಿನದಾದರೆ ಆ ಜಿ ಬಿದ್ದ ಕೂಡಲೇ ಕಂಟ್ರೋಲ್ ಅಪ್ ಒತ್ತಿ. ತಡ ಮಾಡಿದರೆ ಅದರ ಹಿಂದೆ ಬರುವ ಸ್ವರಗಳೂ ಕೆಳಗೇ ಬೀಳುತ್ತಾ ಹೋಗುತ್ತವೆ. ಮೂರಕ್ಷರಕ್ಕಿಂತ ದೊಡ್ಡ ಜಿಗಿತ ಬಂದಾಗೆಲ್ಲ ಒಂದು ಕ್ಷಣ ನಿಂತು ಸಂಖ್ಯೆ ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಶಾರ್ಪ್, ಫ್ಲ್ಯಾಟ್‌ಗೆ ಸುಲಭ ದಾರಿ: ಸ್ವರ ಬರೆದು ಅಪ್ ಅಥವಾ ಡೌನ್ ಆ್ಯರೋ. ಕೀ ಸಿಗ್ನೇಚರ್‌ನಲ್ಲಿ ಇರುವ ಶಾರ್ಪ್, ಫ್ಲ್ಯಾಟ್ ಮಾತ್ರ ಮತ್ತೆ ಹಾಕಬೇಡಿ. ಜಿ ಮೇಜರ್‌ನಲ್ಲಿ ಎಫ್ ಒತ್ತಿದರೆ ಎಫ್ ಶಾರ್ಪ್ ತಾನಾಗೇ ಬೀಳುತ್ತದೆ. ಅದರ ಮೇಲೆ ಅಪ್ ಒತ್ತಿದರೆ ಅದು ಜಿ ಆಗಿಬಿಡುತ್ತದೆ. ಇನ್ನೊಂದು ಸೂಕ್ಷ್ಮ: ಎ ಶಾರ್ಪ್ ಮತ್ತು ಬಿ ಫ್ಲ್ಯಾಟ್ ಕಿವಿಗೆ ಒಂದೇ, ಆದರೆ ಹಾಳೆ ನೋಡಿ ನುಡಿಸುವವರಿಗೆ ಬೇರೆ. ಬಿ ಫ್ಲ್ಯಾಟ್ ಬೇಕಿದ್ದರೆ ಬಿ ಬರೆದು ಡೌನ್ ಒತ್ತಿ. ತಪ್ಪು ಹೆಸರು ಬಂದಿದ್ದರೆ ಆ ಸ್ವರದ ಮೇಲೆ ನಿಂತು ಜೆ ಒತ್ತಿದರೆ ಹೆಸರು ಬದಲಾಗುತ್ತದೆ, ಸದ್ದು ಅದೇ ಇರುತ್ತದೆ.

ಕಾರ್ಡ್ ಬೇಕಿದ್ದರೆ ಶಿಫ್ಟ್ ಹಿಡಿದು ಅಕ್ಷರ ಒತ್ತಿ, ಈಗ ಬರೆದ ಸ್ವರದ ಮೇಲೆ ಇನ್ನೊಂದು ಕೂರುತ್ತದೆ. ಟ್ರಿಪ್ಲೆಟ್‌ಗೆ (ಎರಡರ ಜಾಗದಲ್ಲಿ ಮೂರು ಸ್ವರ) ಕಂಟ್ರೋಲ್ 3. ಟೈಗೆ ಟಿ, ಸ್ಲರ್‌ಗೆ (ಬೇರೆ ಬೇರೆ ಸ್ವರಗಳನ್ನು ಕೂಡಿಸಿ ನುಡಿಸಲು ಹಾಕುವ ಗೆರೆ) ಎಸ್. ಆದರೆ ಇವನ್ನೆಲ್ಲ ಮೊದಲ ವಾರ ಮುಟ್ಟಬೇಡಿ. ಕ್ವಾರ್ಟರ್, ಹಾಫ್ ಇಟ್ಟುಕೊಂಡು ಹತ್ತು ಚಿಕ್ಕ ರಾಗ ಬರೆದು ನೋಡಿ. ಒಂದೂ ತಪ್ಪಿಲ್ಲದೆ ಬಂದ ಮೇಲೆ ಮುಂದುವರಿಯಿರಿ.

ಮಿಡಿ ಕೀಬೋರ್ಡ್ (ಕಂಪ್ಯೂಟರ್‌ಗೆ ಜೋಡಿಸುವ ಪಿಯಾನೋ ಥರದ ಕೀಬೋರ್ಡ್) ಇದ್ದರೆ ಸ್ವರವನ್ನು ಅದರಲ್ಲಿ ಒತ್ತಬಹುದು. ಆಗ ಆಕ್ಟೇವ್ ತಲೆನೋವು ಇರುವುದಿಲ್ಲ. ಅವಧಿ ಮಾತ್ರ ಆಗಲೂ ಕಂಪ್ಯೂಟರ್ ಕೀಬೋರ್ಡ್‌ನಿಂದಲೇ.

## ಹಂತ 6: ತಪ್ಪು ತಿದ್ದುವುದು

ಮೊದಲು ಒಂದು ಮಾತು ತಲೆಯಲ್ಲಿ ಕೂರಬೇಕು. ವರ್ಡ್‌ನಲ್ಲಿ ನಡುವೆ ಟೈಪ್ ಮಾಡಿದರೆ ಹಳೆಯದು ಮುಂದೆ ಜರುಗುತ್ತದೆ. ಮ್ಯೂಸ್‌ಸ್ಕೋರ್‌ನಲ್ಲಿ ಹಳೆಯದರ ಮೇಲೆಯೇ ಬರೆಯುತ್ತದೆ. ಎರಡನೇ ಸ್ವರ ಬಿಟ್ಟುಹೋಯಿತು ಎಂದು ಅಲ್ಲಿ ನಿಂತು ಬರೆದರೆ, ಈಗ ಅಲ್ಲಿರುವ ಸ್ವರ ಅಳಿಸಿಹೋಗುತ್ತದೆ. ನಡುವೆ ತೂರಿಸಬೇಕಾದರೆ ಎನ್ ಮೋಡ್‌ನಲ್ಲಿ ಕಂಟ್ರೋಲ್, ಶಿಫ್ಟ್ ಹಿಡಿದು ಅಕ್ಷರ ಒತ್ತಬೇಕು.

ಡಿಲೀಟ್ ಕೂಡ ಹೀಗೇ. ಸ್ವರ ಹೋಗಿ ಅದೇ ಉದ್ದದ ರೆಸ್ಟ್ ಬರುತ್ತದೆ, ಯಾವುದೂ ಹತ್ತಿರ ಸರಿಯುವುದಿಲ್ಲ. ಬಾರ್ ಅನ್ನೇ ತೆಗೆಯಬೇಕಾದರೆ ಆ ಬಾರ್ ಆರಿಸಿ ಕಂಟ್ರೋಲ್ ಡಿಲೀಟ್.

ಎನ್ ಮೋಡ್ ಇಲ್ಲದಾಗ ಸ್ವರದ ಮೇಲೆ ನಿಂತು ಅಂಕಿ ಒತ್ತಿದರೆ ಆ ಸ್ವರದ ಅವಧಿಯೇ ಬದಲಾಗುತ್ತದೆ. ತಿದ್ದಲು ಇದು ತುಂಬಾ ಉಪಯೋಗ. ಆದರೆ ಅಡ್ಡಪರಿಣಾಮ ನೋಡಿ: ಕ್ವಾರ್ಟರ್ ಅನ್ನು ಏಯ್ತ್ ಮಾಡಿದರೆ ಅದರ ನಂತರ ಒಂದು ಏಯ್ತ್ ರೆಸ್ಟ್ ಉಳಿಯುತ್ತದೆ. ಕ್ವಾರ್ಟರ್ ಅನ್ನು ಹಾಫ್ ಮಾಡಿದರೆ ಮುಂದಿನ ಕ್ವಾರ್ಟರ್ ಅನ್ನು ಅದು ತಿಂದುಹಾಕುತ್ತದೆ. ಹಾಗಾಗಿ ಅವಧಿ ತಿದ್ದಿದ ಮೇಲೆ ಮುಂದಿನ ಎರಡು ಸ್ವರ ಓದಿ ನೋಡದೆ ಕೈ ತೆಗೆಯಬೇಡಿ.

ಸ್ವರದ ತಪ್ಪು ಒಂದೇ ಕಡೆ ನಿಲ್ಲುತ್ತದೆ. ಅವಧಿಯ ತಪ್ಪು ಕೊನೆ ತನಕ ಹರಿಯುತ್ತದೆ. ಬರೆಯುವಾಗ ಎಲ್ಲೋ ಒಂದು ಕ್ವಾರ್ಟರ್ ಬದಲು ಏಯ್ತ್ ಬಿದ್ದರೆ ಅಲ್ಲಿಂದ ಮುಂದಿನದೆಲ್ಲ ಅರ್ಧ ಬೀಟ್ ಹಿಂದಕ್ಕೆ ಸರಿದಿರುತ್ತದೆ. ಪ್ರತಿ ನಾಲ್ಕು ಬಾರ್ ಮುಗಿದಾಗ ನಿಲ್ಲಿ. ಸಾಲಿನ ಕೊನೆ ಸ್ವರ ನಿರೀಕ್ಷಿಸಿದ ಬೀಟ್‌ನಲ್ಲೇ ಇದೆಯಾ ಕೇಳಿ. ಇಲ್ಲದಿದ್ದರೆ ತಪ್ಪು ಈ ನಾಲ್ಕು ಬಾರ್‌ನೊಳಗೇ ಇದೆ. ಮೂವತ್ತು ಬಾರ್ ಬರೆದ ಮೇಲೆ ಹುಡುಕುವುದು ಬೇರೆಯೇ ಪಾಡು.

## ಹಂತ 7: ಆರಿಸಿ ನಕಲು ಮಾಡುವುದು

ಮೊದಲ ಸ್ವರದ ಮೇಲೆ ನಿಂತು ಶಿಫ್ಟ್ ಹಿಡಿದು ರೈಟ್ ಆ್ಯರೋ. ಇಡೀ ಬಾರ್ ಬೇಕಾದರೆ ಕಂಟ್ರೋಲ್, ಶಿಫ್ಟ್, ರೈಟ್. ಯಾವ ಬಾರ್‌ನ ಯಾವ ಬೀಟ್‌ನಿಂದ ಎಲ್ಲಿ ತನಕ ಆರಿಸಿದ್ದೀರಿ ಎಂದು ಎನ್‌ವಿಡಿಎ ಹೇಳುತ್ತದೆ. ಅದನ್ನು ಪೂರ್ತಿ ಕೇಳಿ. ಆಮೇಲೆ ಆರ್ ಒತ್ತಿದರೆ ಆರಿಸಿದ ಭಾಗ ತಕ್ಷಣ ಮುಂದೆ ಇನ್ನೊಮ್ಮೆ ಬರುತ್ತದೆ. ಬೇರೆ ಕಡೆ ಬೇಕಾದರೆ ಮಾಮೂಲಿ ಕಂಟ್ರೋಲ್ ಸಿ, ಕಂಟ್ರೋಲ್ ವಿ. ಎರಡೂ ಇದ್ದದ್ದರ ಮೇಲೆ ಬರೆಯುತ್ತವೆ ಎಂಬುದು ನೆನಪಿರಲಿ.

## ಹಂತ 8: ಸಾಹಿತ್ಯ, ಕಾರ್ಡ್ ಹೆಸರು, ಟೆಂಪೋ

ಮೊದಲ ಸ್ವರದ ಮೇಲೆ ನಿಂತು ಕಂಟ್ರೋಲ್ ಎಲ್. ಒಂದು ಅಕ್ಷರಗುಂಪು ಬರೆದು, ಪದ ಅಲ್ಲಿಗೆ ಮುಗಿದರೆ ಸ್ಪೇಸ್, ಅದೇ ಪದ ಮುಂದಿನ ಸ್ವರಕ್ಕೂ ಹರಿದರೆ ಹೈಫನ್. ಒಂದೇ ಅಕ್ಷರವನ್ನು ಹಲವು ಸ್ವರಕ್ಕೆ ಎಳೆಯುವುದಾದರೆ ಅಂಡರ್‌ಸ್ಕೋರ್. ಮುಗಿದಾಗ ಎಸ್ಕೇಪ್.

ಸಾಹಿತ್ಯ ಕನ್ನಡದಲ್ಲಿ ಬೇಕಾದರೆ ಕಂಟ್ರೋಲ್ ಎಲ್ ಒತ್ತಿದ ಮೇಲೆ ಕೀಬೋರ್ಡ್ ಅನ್ನು ಕನ್ನಡಕ್ಕೆ ಬದಲಿಸಿ, ಬರೆದು, ಎಸ್ಕೇಪ್ ಒತ್ತಿ, ಕೂಡಲೇ ಇಂಗ್ಲಿಷ್‌ಗೆ ವಾಪಸ್ ಬನ್ನಿ. ಆ ಕೊನೆಯದನ್ನು ಮರೆಯುವುದು ಬಹಳ ಸಹಜ. ಮರೆತರೆ ಮುಂದಿನ ಅರ್ಧ ಗಂಟೆ ಎನ್ ಕೀ ಕೂಡ ಕೆಲಸ ಮಾಡುವುದಿಲ್ಲ. ಒತ್ತಕ್ಷರ, ಕಾಗುಣಿತ ಹಾಳೆಯಲ್ಲಿ ಸರಿ ಮೂಡಿದೆಯಾ ಎಂದು ಕಣ್ಣಿರುವ ಯಾರಾದರೂ ಒಮ್ಮೆ ನೋಡಲಿ. ಎನ್‌ವಿಡಿಎ ಸರಿಯಾಗಿ ಓದಿದರೂ ಅಕ್ಷರ ಸರಿಯಾಗಿ ಮೂಡಿದೆ ಎಂಬ ಖಾತ್ರಿ ಇಲ್ಲ.

ಕಾರ್ಡ್ ಹೆಸರಿಗೆ ಕಂಟ್ರೋಲ್ ಕೆ, ಟೆಂಪೋಗೆ ಆಲ್ಟ್ ಶಿಫ್ಟ್ ಟಿ, ಸ್ಟಾಫ್ ಮೇಲೆ ಸಾದಾ ಬರಹಕ್ಕೆ ಕಂಟ್ರೋಲ್ ಟಿ.

## ಹಂತ 9: ಪ್ಯಾಲೆಟ್‌ನಿಂದ ಚಿಹ್ನೆ ಹಾಕುವುದು

ಡೈನಾಮಿಕ್ಸ್ (ಜೋರು, ಮೆಲ್ಲಗೆ ಎಂಬ ಗುರುತು), ರಿಪೀಟ್ ಗೆರೆ, ನಡುವೆ ಬದಲಾಗುವ ಟೈಮ್ ಸಿಗ್ನೇಚರ್ ಎಲ್ಲ ಪ್ಯಾಲೆಟ್ ಎಂಬ ಚಿಹ್ನೆಗಳ ಪಟ್ಟಿಯಲ್ಲಿವೆ. ಅದರೊಳಗೆ ಒಂದೊಂದೇ ಹುಡುಕುತ್ತಾ ಹೋಗಬೇಡಿ. ಚಿಹ್ನೆ ಬೇಕಾದ ಸ್ವರ ಆರಿಸಿ, ಕಂಟ್ರೋಲ್ ಎಫ್9 ಒತ್ತಿ. ಹುಡುಕುವ ಜಾಗ ತೆರೆಯುತ್ತದೆ. ಇಂಗ್ಲಿಷ್‌ನಲ್ಲಿ ಹೆಸರು ಬರೆಯಿರಿ, ಟ್ಯಾಬ್ ಮತ್ತು ಆ್ಯರೋದಿಂದ ಫಲಿತಾಂಶಕ್ಕೆ ಹೋಗಿ ಎಂಟರ್. ಎಸ್ಕೇಪ್ ಒತ್ತಿದರೆ ಸ್ಕೋರ್‌ಗೆ ಮರಳುತ್ತೀರಿ. ಬಿದ್ದಿದೆಯಾ ಎಂದು ಆಲ್ಟ್ ರೈಟ್‌ನಲ್ಲಿ ನೋಡಿ.

ಕಂಟ್ರೋಲ್ ಎಫ್9 ಒತ್ತುವ ಮೊದಲು ಸ್ವರ ಆರಿಸಿರಬೇಕು. ಆರಿಸದೆ ಎಂಟರ್ ಒತ್ತಿದರೆ ಎಲ್ಲೂ ಏನೂ ಬೀಳುವುದಿಲ್ಲ.

## ಅಪಾಯದ ಸೂಚನೆಗಳು

ಎನ್‌ವಿಡಿಎ ಒಮ್ಮೆಲೇ ಮೌನ. ಗಾಬರಿಯಲ್ಲಿ ಸಿಕ್ಕ ಸಿಕ್ಕ ಕೀ ಒತ್ತಬೇಡಿ. ಅವೆಲ್ಲ ಸ್ಕೋರ್‌ಗೆ ಹೋಗುತ್ತಿರಬಹುದು. ಮೊದಲು ಎಸ್ಕೇಪ್. ಆಮೇಲೆ ಎನ್‌ವಿಡಿಎ ಕೀ ಮತ್ತು ಟ್ಯಾಬ್ ಒತ್ತಿ ಎಲ್ಲಿದ್ದೀರಿ ಕೇಳಿ. ಆಲ್ಟ್ ಟ್ಯಾಬ್‌ನಲ್ಲಿ ಬೇರೆ ಕಿಟಕಿಗೆ ಹೋಗಿ ಬನ್ನಿ. ಬೇರೆ ಕಡೆ ಮಾತಾಡಿ ಇಲ್ಲಿ ಮಾತ್ರ ಸುಮ್ಮನಿದ್ದರೆ ಸ್ಲೀಪ್ ಮೋಡ್ ಆನ್ ಆಗಿರಬಹುದು. ಡೆಸ್ಕ್‌ಟಾಪ್ ಲೇಔಟ್‌ನಲ್ಲಿ ಎನ್‌ವಿಡಿಎ ಕೀ, ಶಿಫ್ಟ್, ಎಸ್ ಒತ್ತಿದರೆ ಅದು ಹೋಗುತ್ತದೆ. ಲ್ಯಾಪ್‌ಟಾಪ್ ಲೇಔಟ್‌ನಲ್ಲಿ ಎಸ್ ಬದಲು ಝಡ್.

ಎಂಟರ್ ಒತ್ತಿದೆ, ಏನೂ ಆಗಲಿಲ್ಲ. ಆಗಿದೆ. ಸ್ಕೋರ್‌ನಲ್ಲಿ ಎಂಟರ್ ಒತ್ತಿದರೆ ಆ ಬಾರ್‌ನ ನಂತರ ಸಾಲು ಮುರಿಯುತ್ತದೆ. ಕಿವಿಗೆ ಗೊತ್ತಾಗುವುದಿಲ್ಲ, ಹಾಳೆಯಲ್ಲಿ ಒಂದೊಂದು ಸಾಲಿಗೆ ಒಂದೊಂದೇ ಬಾರ್ ಕಾಣುತ್ತದೆ. ಕೂಡಲೇ ಕಂಟ್ರೋಲ್ ಝಡ್.

ಪ್ಲೇ ಮಾಡಿದರೆ ಕೇಳುತ್ತದೆ, ಪ್ರಿಂಟ್‌ನಲ್ಲಿ ಸ್ವರ ಇಲ್ಲ. ವಿ ಕೀ ಒತ್ತಿರುತ್ತೀರಿ. ಅದು ಆರಿಸಿದ ಅಂಶವನ್ನು ಅಡಗಿಸುತ್ತದೆ. ಕಂಟ್ರೋಲ್ ಸರಿಯಾಗಿ ಒತ್ತದೆ ಕಂಟ್ರೋಲ್ ವಿ ಮಾಡಲು ಹೋದರೆ ಹೀಗಾಗುತ್ತದೆ. ಆ ಸ್ವರದ ಮೇಲೆ ನಿಂತು ಎಫ್8 ಒತ್ತಿ, ಪ್ರಾಪರ್ಟೀಸ್‌ನಲ್ಲಿ ವಿಸಿಬಲ್ ಟಿಕ್ ಆಗಿದೆಯಾ ನೋಡಿ.

ಟ್ಯಾಬ್ ಒತ್ತುತ್ತಾ ಎಲ್ಲೋ ಕಳೆದುಹೋದೆ. ಎಫ್6 ಒತ್ತಿದರೆ ಕಿಟಕಿಯ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುತ್ತೀರಿ. ನೇರ ಸ್ಕೋರ್ ಬೇಕಾದರೆ ಎಸ್ಕೇಪ್ ಸಾಕು.

## ಹಂತ 10: ಪರೀಕ್ಷಿಸಿ ಕೊಡುವುದು

ಎರಡು ಬಾರಿ ಪರೀಕ್ಷಿಸಿ, ಬೇರೆ ಬೇರೆಯಾಗಿ. ಮೊದಲು ಪ್ಲೇ ಮಾಡಿ ಕೇಳಿ, ತಪ್ಪು ಸ್ವರ ಮತ್ತು ತಪ್ಪು ತಾಳ ಸಿಕ್ಕಿಬೀಳುತ್ತವೆ. ಆಮೇಲೆ ಆಲ್ಟ್ ರೈಟ್‌ನಲ್ಲಿ ಶುರುವಿನಿಂದ ಕೊನೆ ತನಕ ಓದಿ. ಕಿವಿಗೆ ಬೀಳದ ತಪ್ಪುಗಳು ಇಲ್ಲಿ ಸಿಗುತ್ತವೆ: ಬಿ ಫ್ಲ್ಯಾಟ್ ಬದಲು ಎ ಶಾರ್ಪ್, ಎರಡು ಸಲ ಬಿದ್ದ ಡೈನಾಮಿಕ್ಸ್, ಅರ್ಧಕ್ಕೆ ನಿಂತ ಸ್ಲರ್. ಬರೀ ಪ್ಲೇ ಕೇಳಿ ಕೊಟ್ಟುಬಿಟ್ಟರೆ ನುಡಿಸುವವರು ಒಂದೊಂದಾಗಿ ಫೋನ್ ಮಾಡಿ ಕೇಳುತ್ತಾರೆ.

ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಲ್ಲಿ ಪಿಡಿಎಫ್, ಎಂಪಿ3, ಮಿಡಿ, ಮ್ಯೂಸಿಕ್ಎಕ್ಸ್ಎಂಎಲ್ ಜತೆಗೆ ಬ್ರೈಲ್ ಕೂಡ ಇದೆ. ಬ್ರೈಲ್ ಸಂಗೀತ ಲಿಪಿ ಬಲ್ಲವರು, ಬ್ರೈಲ್ ಡಿಸ್‌ಪ್ಲೇ ಇರುವವರು ಅದನ್ನು ತಪ್ಪದೆ ಬಳಸಿ. ಬೆರಳಿನಿಂದ ಓದಿದರೆ ಸಿಗುವ ತಪ್ಪೇ ಬೇರೆ.

ಬೇರೆಯವರ ಕಣ್ಣು ಬೇಕಾಗುವುದು ಹಾಳೆಯ ಅಂದಕ್ಕೆ ಮಾತ್ರ. "ಚೆನ್ನಾಗಿದೆಯಾ ನೋಡಿ" ಎಂದು ಕೊಟ್ಟರೆ "ಚೆನ್ನಾಗಿದೆ" ಎಂದೇ ಹೇಳುತ್ತಾರೆ. ಹೀಗೆ ಕೇಳಿ: ಯಾವ ಸಾಲಿನಲ್ಲಾದರೂ ಒಂದೇ ಬಾರ್ ಇದೆಯಾ? ಅಕ್ಷರದ ಮೇಲೆ ಅಕ್ಷರ ಬಿದ್ದಿದೆಯಾ? ಸಾಹಿತ್ಯ ಸರಿಯಾದ ಸ್ವರದ ಕೆಳಗೆ ಇದೆಯಾ? ಪುಟ ತಿರುಗಿಸುವ ಜಾಗದಲ್ಲಿ ರೆಸ್ಟ್ ಇದೆಯಾ?

ಕೊಡುವುದು ಪಿಡಿಎಫ್ ಆದರೂ ಮ್ಯೂಸ್‌ಸ್ಕೋರ್‌ನ ಮೂಲ ಫೈಲ್ ಉಳಿಸಿಕೊಳ್ಳಿ. ಪಿಡಿಎಫ್ ಅನ್ನು ಮತ್ತೆ ತೆರೆದು ಸ್ವರ ತಿದ್ದಲು ಆಗುವುದಿಲ್ಲ. ದಿನದ ಕೆಲಸ ಮುಗಿದಾಗ ಸೇವ್ ಆ್ಯಸ್ ಮಾಡಿ ಹೆಸರಿನ ಕೊನೆಗೆ 1, 2, 3 ಎಂದು ಸೇರಿಸುತ್ತಾ ಹೋಗಿ. ನಾಳೆ ಗೊತ್ತಿಲ್ಲದೆ ಯಾವುದೋ ಕೀ ಒತ್ತಿ ಇಡೀ ಪುಟ ಕೆಟ್ಟರೂ ನಿನ್ನೆಯದು ಹಾಗೇ ಇರುತ್ತದೆ.